ಒಣಮೆಣಸಿನಕಾಯಿ, ಮಸಾಲೆ ಪುಡಿ ರಫ್ತು: ಕಣದಿಂದ ಹೊರದೇಶದ ಬಂದರಿನವರೆಗೆ ಪರೀಕ್ಷೆ, ಲೇಬಲ್, ಕಾಗದಪತ್ರ

ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್ ಹುಟ್ಟುವುದು ಮೆಣಸಿನಕಾಯಿ ಒಣಗುವ ಕಣದಲ್ಲಿ, ಪತ್ತೆಯಾಗುವುದು ರಾಟರ್‌ಡ್ಯಾಮ್ ಬಂದರಿನಲ್ಲಿ. ಕೀಟನಾಶಕ ಹೊಲದಲ್ಲೇ ಸೇರಿರುತ್ತದೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಗಿರಣಿಯ ಕೋಣೆಯಲ್ಲಿ ಅಂಟಿಕೊಂಡಿರುತ್ತದೆ, ಲೇಬಲ್‌ನಲ್ಲಿ ಬರೆಯದೆ ಬಿಟ್ಟ ಗೋಧಿ ಇಂಗಿನ ಡಬ್ಬಿಯೊಳಗೆ ಕೂತಿರುತ್ತದೆ. ಮಾಲು ಹಡಗು ಹತ್ತಿದ ಮೇಲೆ ಇವನ್ನು ತಿದ್ದುವುದು ಬಹಳ ಕಷ್ಟ, ಕೆಲವನ್ನಂತೂ ತಿದ್ದಲು ಬರುವುದೇ ಇಲ್ಲ. ಹಾಗಾಗಿ ರಫ್ತಿನ ಕಾಗದಪತ್ರದ ಕೆಲಸವನ್ನು ಕಸ್ಟಮ್ಸ್ ಏಜೆಂಟರ ಕಚೇರಿಯಲ್ಲಿ ಅಲ್ಲ, ಕಾಯಿ ಖರೀದಿಸುವ ದಿನವೇ ಶುರು ಮಾಡಬೇಕು.

ಈ ಲೇಖನ ಹಾವೇರಿ, ಗದಗ, ಧಾರವಾಡ ಸೀಮೆಯ ಒಣಮೆಣಸಿನಕಾಯಿ, ಖಾರದ ಪುಡಿ, ಸಾಂಬಾರ್ ಪುಡಿ, ಪುಳಿಯೋಗರೆ ಪುಡಿಗಳನ್ನು ಅಮೆರಿಕಕ್ಕೂ ಐರೋಪ್ಯ ಒಕ್ಕೂಟಕ್ಕೂ ಕಳಿಸಬೇಕೆನ್ನುವ ಸಣ್ಣ, ಮಧ್ಯಮ ಘಟಕಗಳಿಗೆ. ಈ ಎರಡು ಮಾರುಕಟ್ಟೆಗಳನ್ನು ಜೊತೆಗಿಟ್ಟು ನೋಡಬೇಕಾದ ಕಾರಣವಿದೆ. ಒಂದು ಕಡೆ ಸಲ್ಲುವ ಮಾಲು ಇನ್ನೊಂದು ಕಡೆ ಸಲ್ಲುವುದಿಲ್ಲ, ಮತ್ತು ಈ ವ್ಯತ್ಯಾಸ ಗೊತ್ತಿಲ್ಲದೆ ಒಂದೇ ಲಾಟನ್ನು (ಒಟ್ಟಿಗೆ ತಯಾರಾಗಿ ಒಂದೇ ಸಂಖ್ಯೆ ಪಡೆದ ಮಾಲನ್ನು) ಎರಡು ಕಡೆಗೂ ಕಳಿಸಿ ಕೈಸುಟ್ಟುಕೊಳ್ಳುವವರು ಬಹಳ.

ಹೆಜ್ಜೆ 1: ಉತ್ಪನ್ನಕ್ಕೆ ಸರಿಯಾದ ಎಚ್‌ಎಸ್ ಕೋಡ್

ಎಚ್‌ಎಸ್ ಕೋಡ್ ಎಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ. ಪುಡಿ ಮಾಡದ ಒಣಮೆಣಸಿನಕಾಯಿ 0904 21, ತರಿ ಅಥವಾ ಪುಡಿ ಮಾಡಿದ್ದು 0904 22, ಅರಿಸಿನ 0910 30. ಗೊಂದಲ ಶುರುವಾಗುವುದು ಮಸಾಲೆ ಮಿಶ್ರಣಗಳಲ್ಲಿ. ಬರೀ ಸಾಂಬಾರ ಪದಾರ್ಥಗಳ ಮಿಶ್ರಣವಾದರೆ 0910 91. ಉಪ್ಪು, ಬೇಳೆ, ಸಕ್ಕರೆ, ಹುಣಸೆ ಸೇರಿ ಮಿಶ್ರಣದ ಮೂಲ ಗುಣವೇ ಬದಲಾದರೆ ಅದು 2103 90ರ ಅಡಿ ಹೋಗಬಹುದು. ಸಾಂಬಾರ್ ಪುಡಿಯಲ್ಲಿ ಕಡಲೆಬೇಳೆ, ಉದ್ದಿನಬೇಳೆ ಎಷ್ಟಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆಮದುದಾರರು ತಮ್ಮ ದೇಶದ ಕಸ್ಟಮ್ಸ್‌ನಲ್ಲಿ ಯಾವ ಕೋಡ್ ಹಾಕುತ್ತಾರೆಂದು ಮೊದಲೇ ಕೇಳಿ, ಮೊದಲ ಆರು ಅಂಕಿ ಎರಡೂ ಕಡೆ ಒಂದೇ ಇರುವಂತೆ ನೋಡಿಕೊಳ್ಳಿ. ಸುಂಕ, ತಪಾಸಣೆಯ ಪ್ರಮಾಣ, ಬೇಕಾದ ಪ್ರಮಾಣಪತ್ರ ಎಲ್ಲವೂ ಈ ಅಂಕಿಗಳಿಗೇ ಕಟ್ಟಿಕೊಂಡಿರುತ್ತವೆ.

ಹಾಲು, ತುಪ್ಪ, ಮಾಂಸ, ಮೀನು ಸೇರಿದ ಯಾವುದೇ ತಿನಿಸು ಬೇರೆಯದೇ ವ್ಯವಹಾರ. ಖಾರದ ಪುಡಿ ಕಳಿಸಿದ ದಾರಿಯಲ್ಲೇ ಮೈಸೂರುಪಾಕನ್ನೂ ಕಳಿಸಬಹುದು ಎಂದುಕೊಳ್ಳಬೇಡಿ. ಪ್ರಾಣಿಮೂಲದ ಪದಾರ್ಥಗಳಿಗೆ ಐರೋಪ್ಯ ಒಕ್ಕೂಟದ ಷರತ್ತುಗಳು ತೀರ ಕಠಿಣ. ಉಪ್ಪಿನಕಾಯಿಗೂ ಅಮೆರಿಕದಲ್ಲಿ ಪ್ರತ್ಯೇಕ ನಿಯಮವಿದೆ. ಹುಳಿ ಸೇರಿಸಿ ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗೆ ತಂದ, ಕೋಣೆಯ ಉಷ್ಣತೆಯಲ್ಲಿ ಇಡುವ ಆಹಾರಗಳಿಗೆ ಘಟಕದ ನೋಂದಣಿಯ ಜೊತೆಗೆ ಪ್ರತಿ ಉತ್ಪನ್ನದ ತಯಾರಿಕಾ ಪ್ರಕ್ರಿಯೆಯನ್ನೂ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಲ್ಲಿಸಬೇಕು.

ಹೆಜ್ಜೆ 2: ಇಲ್ಲಿನ ನೋಂದಣಿಗಳು

ಇದು ಸುಲಭದ ಭಾಗ. ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಐಇಸಿ, ಅಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆ ಪಡೆಯಿರಿ. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದನ್ನು ದೃಢೀಕರಿಸಬೇಕು, ವಿವರ ಬದಲಾಗದಿದ್ದರೂ ಸಹ. ಮರೆತರೆ ನಿಷ್ಕ್ರಿಯವಾಗುತ್ತದೆ, ಮತ್ತು ಅದು ಗೊತ್ತಾಗುವುದು ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ (ರಫ್ತು ಘೋಷಣೆ) ಹಾಕುವ ದಿನ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯಲ್ಲಿ ರಫ್ತು ಚಟುವಟಿಕೆಯನ್ನೂ ನಮೂದಿಸಿಕೊಳ್ಳಿ. ಸಾಂಬಾರ ಪದಾರ್ಥಗಳಿಗೆ ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಸಾಂಬಾರ ಮಂಡಳಿಯ ರಫ್ತುದಾರ ನೋಂದಣಿ ಕಡ್ಡಾಯ. ಹಪ್ಪಳ, ಉಪ್ಪಿನಕಾಯಿ, ಮಿಡಿ ಸೌತೆ ಮುಂತಾದವಕ್ಕೆ ಕೃಷಿ, ಸಂಸ್ಕರಿತ ಆಹಾರ ರಫ್ತು ಪ್ರಾಧಿಕಾರವಾದ ಅಪೆಡಾದ ನೋಂದಣಿ. ಬ್ಯಾಂಕಿನ ಎಡಿ ಕೋಡನ್ನು (ವಿದೇಶಿ ಹಣದ ವ್ಯವಹಾರಕ್ಕೆ ಅಧಿಕಾರ ಪಡೆದ ಶಾಖೆಯ ಸಂಖ್ಯೆ) ಕಸ್ಟಮ್ಸ್ ಜಾಲತಾಣವಾದ ಐಸ್‌ಗೇಟ್‌ನಲ್ಲಿ ನೋಂದಾಯಿಸಿ. ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಡಬೇಕು, ಅದೂ ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ.

ಎಲ್ಲ ಕಡೆ ಘಟಕದ ಹೆಸರು ಮತ್ತು ವಿಳಾಸ ಅಕ್ಷರಶಃ ಒಂದೇ ಆಗಿರಲಿ. ಒಂದರಲ್ಲಿ ‘ಪ್ಲಾಟ್ ನಂ. 12’, ಇನ್ನೊಂದರಲ್ಲಿ ‘ಸರ್ವೆ ನಂ.’ ಎಂದಿದ್ದರೆ ಅಮೆರಿಕದ ದತ್ತಾಂಶದಲ್ಲಿ ಅವು ಎರಡು ಬೇರೆ ಘಟಕಗಳಾಗಿ ಕಾಣುತ್ತವೆ.

ಹೆಜ್ಜೆ 3: ಮಿತಿಗಳನ್ನು ಬರೆದಿಟ್ಟುಕೊಳ್ಳಿ

ಅಫ್ಲಾಟಾಕ್ಸಿನ್‌ಗೆ ಐರೋಪ್ಯ ಒಕ್ಕೂಟದ 2023/915 ನಿಯಮದ ಪ್ರಕಾರ ಮೆಣಸಿನಕಾಯಿಯಲ್ಲಿ ಅದರ ಬಿ1 ಎಂಬ ಬಗೆ ಮಾತ್ರವೇ ಕಿಲೋಗೆ 5 ಮೈಕ್ರೋಗ್ರಾಂ, ನಾಲ್ಕೂ ಬಗೆ ಸೇರಿ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಅಮೆರಿಕದ ಎಫ್‌ಡಿಎ ಕ್ರಮ ಕೈಗೊಳ್ಳುವುದು ಒಟ್ಟು 20 ಮೈಕ್ರೋಗ್ರಾಂ ದಾಟಿದಾಗ. ಅಂದರೆ ಒಟ್ಟು 14 ಬಂದ ಲಾಟು ನ್ಯೂಯಾರ್ಕಿಗೆ ಹೋಗಬಹುದು, ಹ್ಯಾಂಬರ್ಗಿಗೆ ಹೋಗಲಾರದು. ಬೂಷ್ಟಿನ ಇನ್ನೊಂದು ವಿಷವಾದ ಓಕ್ರಾಟಾಕ್ಸಿನ್ ಎ ಮಿತಿ ಐರೋಪ್ಯ ಒಕ್ಕೂಟದಲ್ಲಿ ಮೆಣಸಿನಕಾಯಿಗೆ 20, ಕಾಳುಮೆಣಸು, ಅರಿಸಿನ, ಶುಂಠಿಗೆ 15 ಮೈಕ್ರೋಗ್ರಾಂ. ಸೀಸದ ಮಿತಿಯೂ ಅಲ್ಲಿ ಗಿಡದ ಭಾಗಕ್ಕೆ ತಕ್ಕಂತೆ ಬೇರೆ: ಮೆಣಸಿನಕಾಯಿಯಂಥ ಹಣ್ಣಿನ ಸಾಂಬಾರಕ್ಕೆ ಕಿಲೋಗೆ 0.60 ಮಿಲಿಗ್ರಾಂ, ಅರಿಸಿನದಂಥ ಬೇರು, ಗಡ್ಡೆಗೆ 1.50.

ಎಥಿಲೀನ್ ಆಕ್ಸೈಡ್ ವಿಷಯದಲ್ಲಿ ಎರಡೂ ಕಡೆಯ ಅಂತರ ಇನ್ನೂ ದೊಡ್ಡದು. ಸೂಕ್ಷ್ಮಾಣು ಕೊಲ್ಲಲು ಈ ಅನಿಲವನ್ನು ಸಾಂಬಾರ ಪದಾರ್ಥಗಳಿಗೆ ಬಳಸಲು ಅಮೆರಿಕದಲ್ಲಿ ಅವಕಾಶವಿದೆ. ಉಳಿಕೆ 7 ಪಿಪಿಎಂ (ಕಿಲೋಗೆ 7 ಮಿಲಿಗ್ರಾಂ) ವರೆಗೆ, ಅದರಿಂದ ಹುಟ್ಟುವ ಕ್ಲೋರೋಹೈಡ್ರಿನ್ 940 ಪಿಪಿಎಂವರೆಗೆ ಒಪ್ಪಿಗೆ. ಐರೋಪ್ಯ ಒಕ್ಕೂಟದಲ್ಲಿ ಎರಡನ್ನೂ ಕೂಡಿಸಿ 0.1 ಪಿಪಿಎಂ. ಅಮೆರಿಕದ ಗಿರಾಕಿಗೆಂದು ಅನಿಲ ಹಾಯಿಸಿದ ಮಾಲಿನ ಉಳಿದ ಹತ್ತು ಚೀಲವನ್ನು ಜರ್ಮನಿಯ ಆರ್ಡರಿಗೆ ಸೇರಿಸಿದರೆ ಇಡೀ ರವಾನೆ ಮಣ್ಣುಪಾಲು. 2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ಭಾರತದ ಎಳ್ಳಿನಲ್ಲಿ ಇದನ್ನು ಪತ್ತೆ ಹಚ್ಚಿದಾಗಿನಿಂದ ಅಲ್ಲಿ ಎಲ್ಲರ ಕಣ್ಣು ಇದರ ಮೇಲಿದೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರತದ ಮಸಾಲೆ ಪುಡಿಗಳು ಸುದ್ದಿಯಾದದ್ದೂ ಇದೇ ಕಾರಣಕ್ಕೆ.

ಕೀಟನಾಶಕದ ಲೆಕ್ಕ ಸ್ವಲ್ಪ ಜಟಿಲ. ಐರೋಪ್ಯ ಒಕ್ಕೂಟದಲ್ಲಿ ನಿರ್ದಿಷ್ಟ ಮಿತಿ ಇಲ್ಲದ ಔಷಧಿಗೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ಅನ್ವಯಿಸುತ್ತದೆ. ಮೆಣಸಿನಕಾಯಿಗೆ ನಮೂದಿಸಿರುವ ಮಿತಿಗಳು ಹಸಿ ಕಾಯಿಯವು. ಒಣಗಿದಾಗ ನೀರು ಹೋಗಿ ಔಷಧಿಯ ಸಾಂದ್ರತೆ ಏರುವುದರಿಂದ ಒಂದು ಗುಣಕದಿಂದ ಗುಣಿಸಿ ನೋಡಲು ನಿಯಮದಲ್ಲೇ ಅವಕಾಶವಿದೆ. ಗುಣಕ 7 ಎಂದು ಹಿಡಿದರೆ 0.01 ಎಂಬುದು ಒಣ ಕಾಯಿಗೆ 0.07 ಆಗುತ್ತದೆ. ಯಾವ ಗುಣಕ ಎಂಬುದನ್ನು ಖರೀದಿದಾರರೊಂದಿಗೆ ಒಪ್ಪಂದದಲ್ಲೇ ಬರೆದುಕೊಳ್ಳಿ. ಅಮೆರಿಕದಲ್ಲಿ ಆ ಬೆಳೆಗೆ ಮಿತಿಯನ್ನೇ ನಿಗದಿ ಮಾಡದ ಔಷಧಿ ಕಂಡರೆ ಪ್ರಮಾಣ ಎಷ್ಟು ಕಡಿಮೆಯಿದ್ದರೂ ಅದು ಉಲ್ಲಂಘನೆ. ಐರೋಪ್ಯ ಒಕ್ಕೂಟದಲ್ಲಿ ದಾಟಿದ ಲಾಟು ಅಮೆರಿಕದಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ.

ಸಾಲ್ಮೊನೆಲ್ಲಾ ಎರಡೂ ಕಡೆ 25 ಗ್ರಾಂ ಮಾದರಿಯಲ್ಲಿ ಇರಲೇಕೂಡದು. ಕೆಂಪು ಹೆಚ್ಚಿಸಲು ಬೆರೆಸುವ ಸುಡಾನ್ ಎಂಬ ಕೃತಕ ಬಣ್ಣಗಳಿಗೂ ಅವಕಾಶವಿಲ್ಲ. 2003ರಲ್ಲಿ ಫ್ರಾನ್ಸ್‌ನಲ್ಲಿ ಭಾರತ ಮೂಲದ ಖಾರದ ಉತ್ಪನ್ನಗಳಲ್ಲಿ ಸುಡಾನ್ 1 ಸಿಕ್ಕಿತು. 2005ರಲ್ಲಿ ಬ್ರಿಟನ್ನಿನಲ್ಲಿ ಕಲಬೆರಕೆ ಖಾರದ ಪುಡಿ ಬಳಸಿದ ಒಂದು ಸಾಸಿನಿಂದಾಗಿ ನೂರಾರು ಬಗೆಯ ಸಿದ್ಧ ತಿನಿಸುಗಳನ್ನು ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ಕೆಂಪಿಗಾಗಿಯೇ ಹೆಸರಾದ ಬ್ಯಾಡಗಿ ಕಾಯಿಗೆ ಬಣ್ಣ ಬೆರೆಸುವ ಅಗತ್ಯವೇ ಇಲ್ಲ. ಆದರೂ ಮಾರುಕಟ್ಟೆಯಿಂದ ಸಿದ್ಧ ಪುಡಿ ಕೊಂಡು ರಫ್ತು ಮಾಡುವ ಆಸೆಗೆ ಬೀಳಬೇಡಿ. ಕಾಯಿಯನ್ನೇ ಕೊಂಡು ನಿಮ್ಮ ಕಣ್ಣೆದುರು ಪುಡಿ ಮಾಡಿಸಿ. ಚೀಲಗಳ ಮೇಲೆ ಗುರುತು ಹಾಕಲೂ ಕೆಂಪು ಶಾಯಿ ಬೇಡ.

ಹೆಜ್ಜೆ 4: ಕಚ್ಚಾ ಮಾಲು ಆರಿಸುವುದು

ಹಣ್ಣಾದ ಕಾಯಿ ಒಣಗಿ ತೇವಾಂಶ 10–11 ಶೇಕಡಕ್ಕೆ ಇಳಿಯಬೇಕು. ಅದಕ್ಕಿಂತ ಮೇಲೆ ನಿಂತರೆ ಆಸ್ಪರ್ಜಿಲಸ್ ಬೂಷ್ಟಿಗೆ ಅನುಕೂಲ. ಬ್ಯಾಡಗಿ ಕಾಯಿಯ ಸಿಪ್ಪೆ ಸುಕ್ಕು ಸುಕ್ಕು, ತೊಟ್ಟಿನ ಬುಡದಲ್ಲಿ ತೇವ ಉಳಿಯುತ್ತದೆ. ಮೇಲೆ ಗರಿಗರಿ ಎನಿಸಿದ ಕಾಯಿಯನ್ನು ಮುರಿದು ನೋಡಿದರೆ ಒಳಗೆ ಬೀಜದ ಗುಂಟ ಬೂದು ಬಣ್ಣದ ಬೂಷ್ಟು ಕಾಣುವುದುಂಟು. ತೇವಮಾಪಕವನ್ನು ಚೀಲದ ಬಾಯಲ್ಲಷ್ಟೇ ಇಟ್ಟು ನೋಡಬೇಡಿ. ನಡುವಿನ ಮತ್ತು ತಳದ ಕಾಯಿಯನ್ನೂ ತೆಗೆದು ನೋಡಿ.

ತೂಕಕ್ಕಾಗಿ ಅಥವಾ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸಿದ ಮಾಲನ್ನು ರಫ್ತಿಗೆ ಮುಟ್ಟಲೇಬಾರದು. ಮತ್ತೆ ಒಣಗಿಸಿದರೂ ಒಮ್ಮೆ ಹುಟ್ಟಿದ ಅಫ್ಲಾಟಾಕ್ಸಿನ್ ಹೋಗುವುದಿಲ್ಲ. ಹುರಿದರೂ ಹಬೆ ಕೊಟ್ಟರೂ ಬಹುಪಾಲು ಹಾಗೆಯೇ ಉಳಿಯುತ್ತದೆ. ಕೋಲ್ಡ್ ಸ್ಟೋರೇಜ್‌ನಿಂದ ತಂದ ಚೀಲಗಳನ್ನು ಬಿಸಿಲಿನ ವೇಳೆ ಕೂಡಲೇ ಬಿಚ್ಚಿದರೆ ತಣ್ಣನೆಯ ಕಾಯಿಯ ಮೇಲೆ ಹೊರಗಿನ ಗಾಳಿಯ ತೇವ ಬೆವರಿನಂತೆ ಕೂಡುತ್ತದೆ. ಚೀಲ ಬಿಚ್ಚದೆ, ಹೊರಗಿನ ಉಷ್ಣತೆಗೆ ಬರುವವರೆಗೆ ನೆರಳಲ್ಲಿ ಬಿಡಿ.

ಕೀಟನಾಶಕದ ಮಟ್ಟಿಗೆ ಎಪಿಎಂಸಿ ಹರಾಜಿನಲ್ಲಿ ಕೊಂಡ ಮಾಲಿಗೆ ಹಿನ್ನೆಲೆ ಇರುವುದಿಲ್ಲ. ಹತ್ತಾರು ರೈತರ ಕಾಯಿ ಒಂದೇ ರಾಶಿಯಲ್ಲಿರುತ್ತದೆ. ಐರೋಪ್ಯ ಒಕ್ಕೂಟದ ಗಿರಾಕಿ ಇದ್ದರೆ ರೈತರ ಗುಂಪಿನೊಂದಿಗೆ ನೇರ ಒಪ್ಪಂದ ಮಾಡಿಕೊಳ್ಳುವುದೇ ವಾಸಿ. ಬಿತ್ತನೆಗೆ ಮುಂಚೆಯೇ ಬಳಸಬಾರದ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲಿ, ಅಂಗಡಿಯಲ್ಲಿ ಮಾರುವ ಹೆಸರಿನ ಸಮೇತ ಕೊಡಿ. ಕ್ಲೋರ್‌ಪೈರಿಫಾಸ್‌ಗೆ ಐರೋಪ್ಯ ಒಕ್ಕೂಟ 2020ರಲ್ಲಿ ಅನುಮತಿ ನವೀಕರಿಸಲಿಲ್ಲ. ಆದರೆ ಅದು ಹಲವು ಹೆಸರುಗಳಲ್ಲಿ, ಬೇರೆ ಔಷಧಿಯ ಜೊತೆ ಬೆರೆಸಿದ ರೂಪದಲ್ಲಿ ರೈತರ ಕೈ ಸೇರುತ್ತದೆ. ರೈತರಿಗೆ ತಿಳಿಯುವುದು ಬಾಟಲಿಯ ಮೇಲಿನ ದೊಡ್ಡ ಹೆಸರು, ರಾಸಾಯನಿಕದ ಹೆಸರಲ್ಲ. ಸಿಂಪಡಣೆಯ ದಿನ, ಔಷಧಿ, ಪ್ರಮಾಣ ಬರೆದಿಡುವ ಒಂದು ಪುಟದ ಹಾಳೆ ಸಾಕು, ದಪ್ಪ ಪುಸ್ತಕ ಕೊಟ್ಟರೆ ಯಾರೂ ತುಂಬುವುದಿಲ್ಲ. ಈ ಹಾಳೆಯೇ ಮುಂದೆ ಆಮದುದಾರರು ಕೇಳುವ ಮೂಲ ದಾಖಲೆ.

ಹೆಜ್ಜೆ 5: ಲಾಟು ಮತ್ತು ಮಾದರಿ

ಎಲ್ಲ ಕಾಗದಗಳೂ ನೇತಾಡುವುದು ಲಾಟ್ ಸಂಖ್ಯೆಯ ಮೇಲೆ. ಯಾವ ರೈತರಿಂದ ಅಥವಾ ಯಾವ ಖರೀದಿ ಬಿಲ್ಲಿನಿಂದ ಬಂದ ಕಾಯಿ, ಯಾವ ದಿನ ಪುಡಿಯಾಯಿತು, ಯಾವ ಚೀಲಗಳಿಗೆ ಹೋಯಿತು ಎಂಬುದು ಒಂದೇ ಸಂಖ್ಯೆಯಿಂದ ಹಿಂದಕ್ಕೂ ಮುಂದಕ್ಕೂ ಓದುವಂತಿರಬೇಕು. ಲಾಟನ್ನು ದೊಡ್ಡದು ಮಾಡಿದರೆ ಪರೀಕ್ಷೆಯ ಖರ್ಚು ಉಳಿಯುತ್ತದೆ ನಿಜ, ಆದರೆ ಒಂದು ಮೂಲೆಯ ದೋಷಕ್ಕೆ ಇಡೀ ಲಾಟು ಹೋಗುತ್ತದೆ.

ಪರೀಕ್ಷೆ ತಪ್ಪುವುದಕ್ಕೆ ಪ್ರಯೋಗಾಲಯಕ್ಕಿಂತ ಮಾದರಿ ತೆಗೆದ ರೀತಿಯೇ ಹೆಚ್ಚು ಕಾರಣ. ಅಫ್ಲಾಟಾಕ್ಸಿನ್ ಇಡೀ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಯಿಗಳಲ್ಲಿ ಭಾರೀ ಪ್ರಮಾಣದಲ್ಲಿ ಇರುತ್ತದೆ. ಮೇಲಿನ ಮೂರು ಚೀಲದಿಂದ ಒಳ್ಳೆಯ ಕಾಯಿ ಆರಿಸಿ ಕಾಲು ಕಿಲೋ ಕಳಿಸಿದರೆ ‘ಪತ್ತೆಯಾಗಿಲ್ಲ’ ಎಂಬ ವರದಿ ಬರುತ್ತದೆ, ಅಲ್ಲಿಯ ಅಧಿಕಾರಿಗಳು ಹತ್ತಾರು ಕಡೆಯಿಂದ ತೆಗೆದಾಗ ಬೇರೆ ಅಂಕಿ ಬರುತ್ತದೆ. ಆದ್ದರಿಂದ ಲಾಟಿನ ಎಲ್ಲ ಭಾಗದಿಂದ ಸಣ್ಣ ಸಣ್ಣ ಪಾಲು ತೆಗೆದು, ಒಟ್ಟುಗೂಡಿಸಿ, ಅಷ್ಟನ್ನೂ ಪುಡಿ ಮಾಡಿ ಬೆರೆಸಿ, ಅದರಿಂದ ಪರೀಕ್ಷೆಯ ಪಾಲು ತೆಗೆಯಿರಿ. ಪರೀಕ್ಷೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇರುವ ಪ್ರಯೋಗಾಲಯದಲ್ಲೇ ಆಗಬೇಕು, ಮತ್ತು ನೀವು ಮಾಡಿಸುವ ನಿರ್ದಿಷ್ಟ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ನೋಡಿ. ವರದಿಯಲ್ಲಿ ಪತ್ತೆಯ ಕನಿಷ್ಠ ಮಿತಿ ಬರೆದಿರಲೇಬೇಕು. 0.05ರ ಕೆಳಗೆ ಅಳೆಯಲಾಗದ ಯಂತ್ರದಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ 0.01ರ ಮಿತಿಗೆ ಆ ವರದಿಯಿಂದ ಪ್ರಯೋಜನವಿಲ್ಲ.

ಇದಲ್ಲದೆ ಮೆಣಸಿನಕಾಯಿ ಮತ್ತು ಅದರ ಉತ್ಪನ್ನಗಳಿಗೆ ಸಾಂಬಾರ ಮಂಡಳಿಯದೇ ಕಡ್ಡಾಯ ಪರೀಕ್ಷೆ 2003ರಿಂದ ಇದೆ. ಮಂಡಳಿಯವರೇ ಮಾದರಿ ತೆಗೆದು ಸುಡಾನ್ ಬಣ್ಣ, ಅಫ್ಲಾಟಾಕ್ಸಿನ್ ನೋಡುತ್ತಾರೆ. ಕೊಚ್ಚಿ, ಚೆನ್ನೈ, ಗುಂಟೂರು, ಮುಂಬಯಿ ಮೊದಲಾದ ಕಡೆ ಅವರ ಪ್ರಯೋಗಾಲಯಗಳಿವೆ. ಯಾವ ದೇಶಕ್ಕೆ ಯಾವ ಪರೀಕ್ಷೆ ಎಂಬುದು ಸುತ್ತೋಲೆಗಳಿಂದ ಬದಲಾಗುತ್ತಿರುತ್ತದೆ, ಪ್ರತಿ ರವಾನೆಗೆ ಮುನ್ನ ನೋಡಿ. ಮಾದರಿ ತೆಗೆಯುವ ಹೊತ್ತಿಗೆ ಮಾಲು ಪೂರ್ತಿ ಪ್ಯಾಕ್ ಆಗಿ ಲಾಟ್ ಸಂಖ್ಯೆ ಹಾಕಿರಬೇಕು. ವರದಿ ಬರುವ ದಿನಗಳನ್ನು ಲೆಕ್ಕ ಹಾಕದೆ ಹಡಗು ಕಾಯ್ದಿರಿಸಿದರೆ ಬಂದರಿನಲ್ಲಿ ಕಂಟೇನರ್ ಬಾಡಿಗೆ ಏರುತ್ತದೆ.

ಹೆಜ್ಜೆ 6: ಸೂಕ್ಷ್ಮಾಣು ನಾಶ

ಮೂರು ದಾರಿಗಳಿವೆ. ಹಬೆ ಎರಡೂ ಮಾರುಕಟ್ಟೆಗೆ ಸಲ್ಲುತ್ತದೆ, ನಮ್ಮ ಸಲಹೆಯೂ ಅದೇ. ಪುಡಿಗೆ ಹಬೆ ಕೊಟ್ಟರೆ ಬಣ್ಣ ಕಂದುತ್ತದೆ, ಗಂಟು ಕಟ್ಟುತ್ತದೆ. ಇಡೀ ಕಾಯಿಗೆ ಕೊಟ್ಟು, ಒಣಗಿಸಿ, ಆಮೇಲೆ ಶುದ್ಧ ಕೋಣೆಯಲ್ಲಿ ಪುಡಿ ಮಾಡುವುದು ಒಳ್ಳೆಯದು. ಯಂತ್ರ ಸಾಲ್ಮೊನೆಲ್ಲಾವನ್ನು 5 ಲಾಗ್‌ನಷ್ಟು, ಅಂದರೆ ಲಕ್ಷಕ್ಕೆ ಒಂದು ಉಳಿಯುವಷ್ಟು ಇಳಿಸುತ್ತದೆ ಎಂಬುದಕ್ಕೆ ಪ್ರಮಾಣೀಕರಣ ವರದಿ ಇಟ್ಟುಕೊಳ್ಳಿ. ಅಮೆರಿಕದ ಆಮದುದಾರರು ಮೊದಲು ಕೇಳುವುದು ಅದನ್ನೇ. ವಿಕಿರಣಕ್ಕೆ ಅಮೆರಿಕದಲ್ಲಿ 30 ಕಿಲೋಗ್ರೇವರೆಗೆ, ಐರೋಪ್ಯ ಒಕ್ಕೂಟದಲ್ಲಿ 10 ಕಿಲೋಗ್ರೇವರೆಗೆ ಅವಕಾಶವಿದೆ; ಆದರೆ ಐರೋಪ್ಯ ಒಕ್ಕೂಟ ಒಪ್ಪಿದ ಪಟ್ಟಿಯಲ್ಲಿರುವ ಘಟಕದಲ್ಲೇ ಆಗಬೇಕು, ಲೇಬಲ್‌ನಲ್ಲೂ ಬರೆಯಬೇಕು. ಎಥಿಲೀನ್ ಆಕ್ಸೈಡ್ ಬಗ್ಗೆ ಮೇಲೆ ಹೇಳಿದ್ದಾಯಿತು.

ಹಬೆ ಕೊಟ್ಟ ಮಾಲಿಗೆ ಮತ್ತೆ ಸೋಂಕು ತಗುಲುವುದು ಗಿರಣಿಯಲ್ಲಿ. ನೀರು ಹಾಕಿ ತೊಳೆದು ಪೂರ್ತಿ ಒಣಗದ ಯಂತ್ರದೊಳಗೆ ಪುಡಿ ಅಂಟಿಕೊಂಡರೆ ಸಾಲ್ಮೊನೆಲ್ಲಾ ಅಲ್ಲೇ ನೆಲೆಸುತ್ತದೆ. ಒಣ ಕುಂಚ, ಹೀರುವ ಯಂತ್ರದಿಂದ ಶುಚಿ ಮಾಡಿ. ಕಚ್ಚಾ ಕಾಯಿಯ ಕೋಣೆಯಲ್ಲಿ ಕೆಲಸ ಮಾಡುವವರು ಅದೇ ಚಪ್ಪಲಿ, ಅದೇ ಏಪ್ರನ್‌ನಲ್ಲಿ ಪ್ಯಾಕಿಂಗ್ ಕೋಣೆಗೆ ಬರಬಾರದು.

ಹೆಜ್ಜೆ 7: ಅಮೆರಿಕದ ನೋಂದಣಿಗಳು

ಆಹಾರ ತಯಾರಿಸುವ, ಪ್ಯಾಕ್ ಮಾಡುವ, ದಾಸ್ತಾನಿಡುವ ಪ್ರತಿ ಘಟಕವನ್ನೂ ಎಫ್‌ಡಿಎ ಜಾಲತಾಣದಲ್ಲಿ ನೋಂದಾಯಿಸಬೇಕು. ಶುಲ್ಕವಿಲ್ಲ. ಘಟಕವನ್ನು ಗುರುತಿಸುವ ಡನ್ಸ್ ಎಂಬ ಅಂತರರಾಷ್ಟ್ರೀಯ ಸಂಖ್ಯೆ ಬೇಕು, ಮತ್ತು ಅಮೆರಿಕದಲ್ಲೇ ಇರುವ, ಫೋನ್ ಎತ್ತುವ ಒಬ್ಬ ಏಜೆಂಟ್ ಬೇಕು. ಪ್ರತಿ ಸಮ ವರ್ಷದ ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ನವೀಕರಿಸದಿದ್ದರೆ ನೋಂದಣಿ ರದ್ದಾಗುತ್ತದೆ. ‘ಎಫ್‌ಡಿಎ ಪ್ರಮಾಣಪತ್ರ ಕೊಡಿಸುತ್ತೇವೆ’ ಎಂದು ಹಣ ಕೇಳುವವರಿದ್ದಾರೆ. ಎಫ್‌ಡಿಎ ಅಂಥ ಪ್ರಮಾಣಪತ್ರ ಕೊಡುವುದೇ ಇಲ್ಲ. ನೋಂದಣಿ ಆಗಿದೆ ಎಂದರೆ ಉತ್ಪನ್ನಕ್ಕೆ ಒಪ್ಪಿಗೆ ಸಿಕ್ಕಿದೆ ಎಂದೂ ಅರ್ಥವಲ್ಲ.

2011ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಘಟಕದಲ್ಲಿ ಲಿಖಿತ ಆಹಾರ ಸುರಕ್ಷತಾ ಯೋಜನೆ ಇರಬೇಕು, ಅದನ್ನು ತರಬೇತಿ ಪಡೆದವರು ಸಿದ್ಧಪಡಿಸಿರಬೇಕು. ಅಮೆರಿಕದ ಕಡೆ ‘ಎಫ್‌ಎಸ್‌ವಿಪಿ ಆಮದುದಾರ’ (ವಿದೇಶಿ ಪೂರೈಕೆದಾರರ ಪರಿಶೀಲನೆಯ ಹೊಣೆ ಹೊತ್ತವರು) ಯಾರು ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ನಿಮ್ಮನ್ನು ಪರಿಶೀಲಿಸಿ, ಅಪಾಯ ವಿಶ್ಲೇಷಣೆ ಮಾಡಿ, ದಾಖಲೆ ಇಡುವ ಹೊಣೆ ಅವರದು; ಪ್ರವೇಶದ ಕಾಗದದಲ್ಲಿ ಅವರ ಹೆಸರು, ಮಿಂಚಂಚೆ, ಡನ್ಸ್ ಸಂಖ್ಯೆ ಇರಬೇಕು. ಆನ್‌ಲೈನ್ ಅಂಗಡಿಗಳ ಗೋದಾಮಿಗೆ ನೇರವಾಗಿ ಕಳಿಸುವ ಸಣ್ಣ ಘಟಕಗಳು ಎಡವುವುದು ಇಲ್ಲಿ. ಗೋದಾಮಿನವರು ಈ ಹೊಣೆ ಹೊರುತ್ತಾರೆಂದು ಭಾವಿಸಬೇಡಿ.

ಪ್ರತಿ ರವಾನೆಗೂ ಮುಂಚಿತ ಸೂಚನೆ ಸಲ್ಲಿಸಬೇಕು: ಹಡಗಾದರೆ ತಲುಪುವ 8 ಗಂಟೆ ಮೊದಲು, ವಿಮಾನವಾದರೆ 4 ಗಂಟೆ. ಅಂಚೆಯಲ್ಲಿ ಕಳಿಸುವ ಮಾದರಿ ಪೊಟ್ಟಣಕ್ಕೂ ಇದು ಬೇಕು. ಕಳಿಸುವ ಮೊದಲೇ ಸಲ್ಲಿಸಿ, ಸಿಕ್ಕ ದೃಢೀಕರಣ ಸಂಖ್ಯೆಯನ್ನು ಪೊಟ್ಟಣದ ಕಾಗದದಲ್ಲಿ ಬರೆಯಿರಿ. ಹಡಗಿನ ಮಾಲಿಗೆ ಆಮದುದಾರರು ಹತ್ತುವ 24 ಗಂಟೆ ಮೊದಲು ಕಸ್ಟಮ್ಸ್‌ಗೆ ವಿವರ ಸಲ್ಲಿಸುತ್ತಾರೆ, ಅದಕ್ಕೆ ಬೇಕಾದ ಮಾಹಿತಿ ನಿಮ್ಮಿಂದಲೇ ಹೋಗಬೇಕು.

ಹೆಜ್ಜೆ 8: ಐರೋಪ್ಯ ಒಕ್ಕೂಟ

ಇಲ್ಲಿ ಓದಬೇಕಾದ್ದು 2019/1793 ನಿಯಮ. ಯಾವ ದೇಶದ ಯಾವ ಉತ್ಪನ್ನಕ್ಕೆ ಹೆಚ್ಚಿನ ತಪಾಸಣೆ ಎಂಬ ಪಟ್ಟಿ ಇದರಲ್ಲಿದೆ, ಸುಮಾರು ಆರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ. ನಿಮ್ಮ ಉತ್ಪನ್ನ ಮೊದಲ ಅನುಬಂಧದಲ್ಲಿದ್ದರೆ ಗಡಿಯಲ್ಲಿ ನಿಗದಿತ ಪ್ರಮಾಣದ ರವಾನೆಗಳನ್ನು ಪರೀಕ್ಷಿಸುತ್ತಾರೆ. ಎರಡನೆಯದರಲ್ಲಿದ್ದರೆ ಪ್ರತಿ ರವಾನೆಯೊಂದಿಗೆ ಭಾರತದ ಅಧಿಕೃತ ಪ್ರಮಾಣಪತ್ರ ಹಾಗೂ ಪರೀಕ್ಷಾ ವರದಿ ಇರಬೇಕು, ರವಾನೆಯ ಗುರುತಿನ ಸಂಖ್ಯೆ ಚೀಲಗಳ ಮೇಲೂ ಇರಬೇಕು. ಆಮದುದಾರರು ಒಕ್ಕೂಟದ ಟ್ರೇಸಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರವೇಶ ದಾಖಲೆಯನ್ನು ಮೊದಲೇ ತುಂಬುತ್ತಾರೆ. ಒಪ್ಪಂದಕ್ಕೆ ಸಹಿ ಹಾಕಿದಾಗ ಒಂದು ಅನುಬಂಧದಲ್ಲಿದ್ದ ಉತ್ಪನ್ನ ಮಾಲು ತಲುಪುವ ಹೊತ್ತಿಗೆ ಇನ್ನೊಂದಕ್ಕೆ ಜಾರಿರಬಹುದು, ಹಾಗಾಗಿ ಎರಡೂ ದಿನ ಪಟ್ಟಿ ನೋಡಿ.

ಹೆಜ್ಜೆ 9: ಲೇಬಲ್

ಇಂಗಿನಿಂದಲೇ ಶುರು ಮಾಡೋಣ. ನಾವು ಅಡುಗೆಗೆ ಬಳಸುವ ಇಂಗು ಸಾಮಾನ್ಯವಾಗಿ ಶುದ್ಧ ಇಂಗಲ್ಲ, ಮೈದಾ ಅಥವಾ ಅಕ್ಕಿ ಹಿಟ್ಟು, ಅಂಟಿನೊಂದಿಗೆ ಕೂಡಿಸಿದ್ದು. ಸಾಂಬಾರ್ ಪುಡಿಯ ಪದಾರ್ಥ ಪಟ್ಟಿಯಲ್ಲಿ ಬರೀ ‘ಇಂಗು’ ಎಂದು ಬರೆದರೆ ಗೋಧಿಯ ಅಲರ್ಜಿ ಇರುವವರಿಗೆ ಸುಳಿವೇ ಸಿಗುವುದಿಲ್ಲ. ಇದು ಅವರ ಆರೋಗ್ಯಕ್ಕೇ ಕುತ್ತು, ಜೊತೆಗೆ ಮಾಲು ವಾಪಸು ಪಡೆಯಬೇಕಾದ ತಪ್ಪು. ಇಂಗನ್ನು ಬರೆದು ಅದರ ಒಳಪದಾರ್ಥಗಳನ್ನೂ ಬಿಡಿಸಿ ಬರೆಯಿರಿ, ಅಥವಾ ಅಕ್ಕಿ ಹಿಟ್ಟಿನ ಇಂಗನ್ನೇ ಪೂರೈಕೆದಾರರ ಲಿಖಿತ ಭರವಸೆಯೊಂದಿಗೆ ತರಿಸಿ.

ಅಮೆರಿಕದಲ್ಲಿ ಘೋಷಿಸಬೇಕಾದ ಅಲರ್ಜಿ ಪದಾರ್ಥಗಳು 9. ಎಳ್ಳು 2023ರ ಜನವರಿ 1ರಿಂದ ಸೇರಿದೆ. ಐರೋಪ್ಯ ಒಕ್ಕೂಟದಲ್ಲಿ 14. ಅಲ್ಲಿ ಸಾಸಿವೆಯೂ ಇದೆ. ಪುಳಿಯೋಗರೆ ಪುಡಿಯನ್ನೇ ತೆಗೆದುಕೊಳ್ಳಿ: ಎಳ್ಳು, ಕಡಲೆಕಾಯಿ, ಇಂಗಿನ ಗೋಧಿ ಎರಡೂ ಕಡೆ ಬರೆಯಬೇಕು, ಸಾಸಿವೆಯನ್ನು ಅಲರ್ಜಿಕಾರಕವೆಂದು ಎತ್ತಿ ತೋರಿಸಬೇಕಾದ್ದು ಐರೋಪ್ಯ ಒಕ್ಕೂಟದಲ್ಲಿ. ಅಲ್ಲಿ ಪದಾರ್ಥ ಪಟ್ಟಿಯೊಳಗೇ ದಪ್ಪಕ್ಷರದಂಥ ಎದ್ದು ಕಾಣುವ ರೀತಿಯಲ್ಲಿ ಮುದ್ರಿಸಬೇಕು. ಕಡಲೆಕಾಯಿ ಹುರಿದ ಬಾಣಲೆಯಲ್ಲೇ ಧನಿಯಾ ಹುರಿದರೆ ಖಾರದ ಪುಡಿಯ ಪೊಟ್ಟಣಕ್ಕೂ ಕಡಲೆಕಾಯಿ ಸೇರುತ್ತದೆ. ಬಾಣಲೆಗಳನ್ನೇ ಬೇರೆ ಮಾಡಿ.

ಅಮೆರಿಕಕ್ಕೆ ನಿವ್ವಳ ತೂಕ ಔನ್ಸ್ ಮತ್ತು ಗ್ರಾಂ ಎರಡರಲ್ಲೂ, ಮುಂಭಾಗದ ಕೆಳಗಿನ 30 ಶೇಕಡ ಜಾಗದಲ್ಲಿ ಇರಬೇಕು; 100 ಗ್ರಾಂ ಎಂದರೆ 3.5 ಔನ್ಸ್. ಪದಾರ್ಥ ಪಟ್ಟಿಯಲ್ಲಿ ಹಲವು ಸಾಂಬಾರಗಳನ್ನು ‘ಸ್ಪೈಸಸ್’ ಎಂದು ಒಟ್ಟಾಗಿ ಬರೆಯಬಹುದು, ಆದರೆ ಬಣ್ಣವನ್ನೂ ಕೊಡುವ ಅರಿಸಿನವನ್ನು ಹಾಗೆ ಅಡಗಿಸುವಂತಿಲ್ಲ. ಪೌಷ್ಟಿಕಾಂಶ ಪಟ್ಟಿ ಬೇಕಾದ ಮಿಶ್ರಣಗಳಿಗೆ ನಮ್ಮ 100 ಗ್ರಾಂ ಲೆಕ್ಕ ನಡೆಯುವುದಿಲ್ಲ, ಅವರ ಬಡಿಸುವ ಪ್ರಮಾಣದ ಲೆಕ್ಕ, ಅವರದೇ ವಿನ್ಯಾಸ. ಐರೋಪ್ಯ ಒಕ್ಕೂಟದಲ್ಲಿ ಮಾರುವ ದೇಶದ ಭಾಷೆ, ಅಲ್ಲಿಯ ಆಮದುದಾರರ ಹೆಸರು, ವಿಳಾಸ, ಕನಿಷ್ಠ 1.2 ಮಿಲಿಮೀಟರ್ ಎತ್ತರದ ಅಕ್ಷರ ಬೇಕು. ಬರೀ ಸಾಂಬಾರ ಪದಾರ್ಥ ಅಥವಾ ಅವುಗಳ ಮಿಶ್ರಣಕ್ಕೆ ಅಲ್ಲಿ ಪೌಷ್ಟಿಕಾಂಶ ಪಟ್ಟಿಯಿಂದ ವಿನಾಯಿತಿ ಇದೆ; ಉಪ್ಪು, ಬೇಳೆ ಸೇರಿದರೆ ಅದನ್ನು ನಂಬಿಕೊಳ್ಳಬೇಡಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, 04/05 ಎಂದರೆ ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5.

ಮುದ್ರಣಕ್ಕೆ ಕೊಡುವ ಮೊದಲು ಆಮದುದಾರರಿಂದ ಲೇಬಲ್‌ಗೆ ಲಿಖಿತ ಒಪ್ಪಿಗೆ ಪಡೆಯಿರಿ.

ಹೆಜ್ಜೆ 10: ರವಾನೆಯ ಕಾಗದಗಳು

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಮಾಲಿಗೆ ಕೊಡುವ ರಸೀದಿ), ಪರೀಕ್ಷಾ ವರದಿಗಳು, ಮೂಲ ದೇಶದ ಪ್ರಮಾಣಪತ್ರ, ಆಮದು ದೇಶ ಕೇಳಿದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಧೂಮೀಕರಣ ಪ್ರಮಾಣಪತ್ರ, ತುಂಬಿದ ಕಂಟೇನರಿನ ದೃಢೀಕೃತ ತೂಕ. ಮರದ ಪ್ಯಾಲೆಟ್ ಬಳಸಿದರೆ ಐಎಸ್‌ಪಿಎಂ 15 ಮುದ್ರೆ ಇರಲಿ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂಬುದರ ಗುರುತು ಅದು. ಮುದ್ರೆಯಿಲ್ಲದ ಒಂದು ಹಲಗೆಗೆ ಇಡೀ ಕಂಟೇನರ್ ನಿಲ್ಲಬಹುದು.

ಸಹಿ ಹಾಕುವ ಮುನ್ನ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ಐದು ವಿಷಯ ಓದಿ ನೋಡಿ: ಉತ್ಪನ್ನದ ಹೆಸರು, ಲಾಟ್ ಸಂಖ್ಯೆ, ಚೀಲಗಳ ಸಂಖ್ಯೆ, ನಿವ್ವಳ ಮತ್ತು ಒಟ್ಟು ತೂಕ, ದಿನಾಂಕ. ಬ್ಯಾಡಗಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುತ್ತಾರೆ, ಒಂದನ್ನೇ ಹಿಡಿದುಕೊಳ್ಳಿ. ಪರೀಕ್ಷಾ ವರದಿಯ ದಿನಾಂಕ ಬಿಲ್ ಆಫ್ ಲೇಡಿಂಗ್‌ನ ನಂತರದ್ದಾಗಿದ್ದರೆ, ಪರೀಕ್ಷಿಸದೆ ಹಡಗು ಹತ್ತಿಸಿದಿರಿ ಎಂದೇ ಅರ್ಥ. ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ, ಹಣ ಕೊಡುವುದಾಗಿ ಬ್ಯಾಂಕ್ ಕೊಡುವ ಭರವಸೆ ಪತ್ರ) ವ್ಯವಹಾರವಾದರೆ ಅದರ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ ಪ್ರಕಾರ ಹಡಗು ಹತ್ತಿಸಿದ 21 ದಿನದೊಳಗೆ, ಎಲ್‌ಸಿ ಅವಧಿ ಮುಗಿಯುವ ಮುನ್ನ, ಬ್ಯಾಂಕಿಗೆ ಕಾಗದ ಸಲ್ಲಬೇಕು. ಬ್ಯಾಂಕ್ ನೋಡುವುದು ಕಾಗದವನ್ನು ಮಾತ್ರ, ನಿಮ್ಮ ಮಾಲು ಎಷ್ಟು ಚೆನ್ನಾಗಿದೆ ಎಂಬುದನ್ನಲ್ಲ.

ಕಂಟೇನರನ್ನೂ ಪರೀಕ್ಷಿಸಿ. ಒಳಗೆ ನಿಂತು ಬಾಗಿಲು ಮುಚ್ಚಿಸಿದಾಗ ಬೆಳಕಿನ ಚುಕ್ಕೆ ಕಂಡರೆ ನೀರೂ ಅಲ್ಲಿಂದಲೇ ಬರುತ್ತದೆ. ಸಮುದ್ರದಲ್ಲಿ ಹಗಲು ಬಿಸಿ, ರಾತ್ರಿ ತಂಪಾದಾಗ ಚಾವಣಿಯಿಂದ ಹನಿ ತೊಟ್ಟಿಕ್ಕಿ ಮೇಲಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಒಳಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲ ತೂಗುಹಾಕಿ.

ಮಾಲು ತಡೆದರೆ

ಅಮೆರಿಕದಲ್ಲಿ ಎಫ್‌ಡಿಎ ನೋಟಿಸಿನಲ್ಲಿ ಉತ್ತರಿಸಬೇಕಾದ ದಿನಾಂಕ ಇರುತ್ತದೆ. ಆಮದುದಾರರು ಆ ದಿನದೊಳಗೆ ದಾಖಲೆ ಕೊಡಬಹುದು, ಅಥವಾ ಮಾಲನ್ನು ಸರಿಪಡಿಸಲು, ಅಂದರೆ ಲೇಬಲ್ ಬದಲಿಸಲು ಅಥವಾ ಮತ್ತೆ ಹಬೆ ಕೊಡಲು ಅನುಮತಿ ಕೇಳಬಹುದು. ನಿರಾಕರಣೆಯಾದರೆ 90 ದಿನದೊಳಗೆ ವಾಪಸು ಕಳಿಸಬೇಕು, ಇಲ್ಲವೇ ನಾಶಪಡಿಸಬೇಕು. ಘಟಕದ ಹೆಸರು ಆಮದು ಎಚ್ಚರಿಕೆ ಪಟ್ಟಿಗೆ ಸೇರಿದರೆ (ಸಾಲ್ಮೊನೆಲ್ಲಾಗೆ 99-19, ಸಂಸ್ಕರಿತ ಆಹಾರದ ಕೀಟನಾಶಕಕ್ಕೆ 99-08) ಮುಂದಿನ ರವಾನೆಗಳನ್ನೆಲ್ಲ ಪರೀಕ್ಷೆ ಮಾಡದೆಯೇ ತಡೆಯುತ್ತಾರೆ. ಹೊರಬರಲು ಕಾರಣ ಹುಡುಕಿ ಸರಿಪಡಿಸಿದ ದಾಖಲೆಯೂ, ಸಾಮಾನ್ಯವಾಗಿ ಸತತ ಐದು ಶುದ್ಧ ರವಾನೆಗಳೂ ಬೇಕು. ಹೊಸ ಪೂರೈಕೆದಾರರಿಂದ ಸಿದ್ಧ ಮಾಲು ಕೊಳ್ಳುವ ಮುನ್ನ ಅವರ ಹೆಸರು ಈ ಪಟ್ಟಿಗಳಲ್ಲಿ ಇದೆಯೇ ಎಂದು ನೀವೂ ನೋಡಬಹುದು, ಎಲ್ಲರಿಗೂ ತೆರೆದಿದೆ.

ಐರೋಪ್ಯ ಒಕ್ಕೂಟದಲ್ಲಿ ದೋಷ ಸಿಕ್ಕರೆ ಅವರ ತ್ವರಿತ ಎಚ್ಚರಿಕೆ ವ್ಯವಸ್ಥೆಯ ಮೂಲಕ ಎಲ್ಲ ಸದಸ್ಯ ದೇಶಗಳಿಗೂ ಸುದ್ದಿ ಹೋಗುತ್ತದೆ. ಹ್ಯಾಂಬರ್ಗಿನಲ್ಲಿ ನಿಂತ ಮಾಲನ್ನು ಆಂಟ್‌ವರ್ಪಿನಲ್ಲಿ ಇಳಿಸುವ ಯೋಚನೆ ಬೇಡ.

ವಿಮೆಯ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. ಸಾಗಣೆ ವಿಮೆ ಹಡಗಿನಲ್ಲಿ ಆದ ಹಾನಿಗೆ, ಸರ್ಕಾರಿ ರಫ್ತು ಸಾಲ ವಿಮಾ ಸಂಸ್ಥೆಯಾದ ಇಸಿಜಿಸಿಯ ರಕ್ಷಣೆ ಖರೀದಿದಾರರು ದಿವಾಳಿಯಾದರೆ ಅಥವಾ ಹಣ ಕಟ್ಟದಿದ್ದರೆ. ಗುಣಮಟ್ಟದ ತಕರಾರಿನಿಂದಾದ ನಷ್ಟ ಸಾಮಾನ್ಯವಾಗಿ ಎರಡರಲ್ಲೂ ಸಿಗುವುದಿಲ್ಲ. ಆದ್ದರಿಂದ ಒಪ್ಪಂದದಲ್ಲೇ ಬರೆಯಿರಿ: ಯಾವ ಪ್ರಯೋಗಾಲಯದ ಫಲಿತಾಂಶ ಅಂತಿಮ, ಎರಡು ವರದಿಗಳಲ್ಲಿ ವ್ಯತ್ಯಾಸ ಬಂದರೆ ಮೂರನೆಯದು ಎಲ್ಲಿ, ವಾಪಸಾತಿ ಅಥವಾ ನಾಶದ ಖರ್ಚು ಯಾರದು. ಆ ತಕರಾರಿನ ದಿನ ನಿಮ್ಮ ಕೈಯಲ್ಲಿ ಇರಬೇಕಾದ್ದು ಅದೇ ಲಾಟಿನ ಮೊಹರು ಮಾಡಿದ ಮಾದರಿ. ಪ್ರತಿ ರವಾನೆಯಿಂದ ಅರ್ಧ ಕಿಲೋದ ಎರಡು ಪೊಟ್ಟಣ ತೆಗೆದು, ಲಾಟ್ ಸಂಖ್ಯೆ, ದಿನಾಂಕ, ಸಹಿ ಹಾಕಿ, ಮಾಲಿನ ಬಾಳಿಕೆ ಮುಗಿಯುವವರೆಗೆ ತಂಪಾದ, ಒಣ ಜಾಗದಲ್ಲಿ ಬೀಗ ಹಾಕಿಡಿ. ಆಹಾರ ಸುರಕ್ಷತೆಯ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಿ.